ಬೀಜ ಕೊಡಗಿನದು, ಕಪ್ ಸಿಯಾಟಲ್‌ನದು: ಸ್ಟಾರ್‌ಬಕ್ಸ್ ಬೋರ್ಡಿಗೆ ಫಿಲ್ಟರ್ ಕಾಫಿ ಏರಲು ಹಿಡಿದ ಹತ್ತು ವರ್ಷ

2022ರ ಮಳೆಗಾಲದಲ್ಲಿ ಬೆಂಗಳೂರಿನ ಕೆಲವು ಸ್ಟಾರ್‌ಬಕ್ಸ್ ಅಂಗಡಿಗಳ ಬೋರ್ಡಿನ ಮೇಲೆ ಒಂದು ಹೊಸ ಹೆಸರು ಕಾಣಿಸಿತು. ಫಿಲ್ಟರ್ ಕಾಫಿ. ಜೊತೆಗೆ ಮಸಾಲಾ ಚಾಯ್. ಪೇಪರಿನಲ್ಲಿ ಬಂದಿದ್ದ ಸುದ್ದಿಯನ್ನು ನನ್ನ ಸೋದರಮಾವನಿಗೆ ಓದಿ ಹೇಳಿದೆ. ಬಸವನಗುಡಿಯಲ್ಲೇ ಹುಟ್ಟಿ ಅಲ್ಲೇ ರಿಟೈರ್ ಆದವರು. ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದ್ರಾ?" ಅಂದರು.

ಮಾವನದು ತಮಾಷೆ. ನನ್ನ ತಲೆಗೆ ಹೊಕ್ಕಿದ್ದು ಬೇರೆ ಪ್ರಶ್ನೆ. ಸ್ಟಾರ್‌ಬಕ್ಸ್ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 2012ರ ಅಕ್ಟೋಬರ್ 19ರಂದು. ಅಲ್ಲಿನ ಎಸ್‌ಪ್ರೆಸೊಗೆ, ಅಂದರೆ ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿಗೆ, ಬಳಸಿದ್ದೇ ಭಾರತದ ಬೀಜ, ಟಾಟಾ ತೋಟಗಳದು. ಅಂದರೆ ಬೀಜ ಶುರುವಿನಿಂದಲೂ ನಮ್ಮದೇ. ಆ ಬೀಜದಿಂದ ನಾವು ಮನೆಯಲ್ಲಿ ಮಾಡಿಕೊಂಡು ಕುಡಿಯುವ ಕಾಫಿ ಮಾತ್ರ ಬೋರ್ಡಿಗೆ ಬರಲು ಹತ್ತು ವರ್ಷ ಹಿಡಿಯಿತು. ಯಾಕೆ?

ವಿದೇಶಿ ಕಂಪನಿಯೊಂದು ಸ್ಥಳೀಯ ಸಂಸ್ಕೃತಿಗೆ ಹೊಂದಿಕೊಂಡಿತು ಅಂದ ಕೂಡಲೇ ಮೆನುವಿಗೆ ಪನೀರ್ ಸೇರಿಸಿದ ಕತೆ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಇಲ್ಲಿ ಸಣ್ಣ ವಿಷಯ. ಟಾಟಾ ಸ್ಟಾರ್‌ಬಕ್ಸ್ ಪ್ರಕರಣದಲ್ಲಿ ನನಗೆ ಸ್ವಾರಸ್ಯ ಅನ್ನಿಸಿದ್ದು ಯಾವುದು ಮೊದಲು ಬದಲಾಯಿತು, ಯಾವುದು ಕೊನೆಗೆ ಅನ್ನುವುದು. ಮೊದಲು ಪಾಲುದಾರ ಸಿಕ್ಕ. ಆಮೇಲೆ ಬೀಜ. ಆಮೇಲೆ ಗೋಡೆ, ಕುರ್ಚಿ, ತಿಂಡಿ. ಕೊಟ್ಟಕೊನೆಗೆ ಕಾಫಿ. ಕಾಫಿ ಮಾರುವ ಕಂಪನಿಯ ಕತೆ ಇದು ಅನ್ನುವುದು ನೆನಪಿರಲಿ.

ಬಾಗಿಲ ತನಕ ಬಂದು ವಾಪಸ್

ಸ್ಟಾರ್‌ಬಕ್ಸ್ ಶುರುವಾದದ್ದು 1971ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಆಗ ಅದು ಹುರಿದ ಬೀಜ ಮಾರುವ ಅಂಗಡಿ, ನಮ್ಮ ಗಾಂಧಿಬಜಾರಿನ ಕಾಫಿಪುಡಿ ಅಂಗಡಿಯ ಹಾಗೆ. 1982ರಲ್ಲಿ ಕೆಲಸಕ್ಕೆ ಸೇರಿದ ಹೊವಾರ್ಡ್ ಶುಲ್ಟ್ಸ್ ಮರುವರ್ಷ ಇಟಲಿಯ ಮಿಲಾನ್‌ಗೆ ಹೋಗಿ ಅಲ್ಲಿನ ಎಸ್‌ಪ್ರೆಸೊ ಬಾರ್‌ಗಳನ್ನು ನೋಡಿ ಮರುಳಾದರು. 1987ರಲ್ಲಿ ಕಂಪನಿಯನ್ನೇ ಕೊಂಡುಕೊಂಡರು. ಆಮೇಲಿನದು ಎಲ್ಲರಿಗೂ ಗೊತ್ತು. ಇಟಲಿಯ ಕಾಫಿಯನ್ನು ಅಮೆರಿಕದ ಅಳತೆಗೆ ಹಿಗ್ಗಿಸಿ, ಅದನ್ನೇ ಊರೂರಿಗೆ ಒಯ್ದರು. ಉತ್ತರ ಅಮೆರಿಕದ ಹೊರಗಿನ ಮೊದಲ ಅಂಗಡಿ 1996ರಲ್ಲಿ ಟೋಕಿಯೊದಲ್ಲಿ. 1999ರಲ್ಲಿ ಚೀನಾ.

ಭಾರತದ ಕಡೆ ನೋಡಿದ್ದು ತಡವಾಗಿ. 2007ರಲ್ಲಿ ಒಂದು ಪ್ರಯತ್ನ ನಡೆಯಿತು. ಇಂಡೋನೇಷ್ಯಾದಲ್ಲಿ ಸ್ಟಾರ್‌ಬಕ್ಸ್ ನಡೆಸುತ್ತಿದ್ದ ಫ್ರಾಂಚೈಸಿ ಮತ್ತು ಕಿಶೋರ್ ಬಿಯಾನಿ ಅವರ ಫ್ಯೂಚರ್ ಗ್ರೂಪ್ ಸೇರಿ ಅಂಗಡಿ ತೆರೆಯುವ ಯೋಜನೆ. ಒಂದೇ ಬ್ರಾಂಡಿನ ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಹೂಡಿಕೆಗೆ ಆಗ 51 ಶೇಕಡಾ ಮಿತಿ ಇತ್ತು. ಸರ್ಕಾರದ ಮುಂದೆ ಅರ್ಜಿ ಹೋಯಿತು, ಪ್ರಶ್ನೆಗಳು ಬಂದವು, ಅರ್ಜಿ ವಾಪಸ್ ಆಯಿತು. ಬಾಗಿಲ ತನಕ ಬಂದವರು ಹೊರಟುಹೋದರು.

ಮತ್ತೆ ಬಂದದ್ದು 2011ರ ಜನವರಿಯಲ್ಲಿ. ಈ ಸಲ ಬಂದ ದಾರಿಯೇ ಬೇರೆ. ಅಂಗಡಿಯ ಮಾತು ಆಮೇಲೆ, ಮೊದಲು ಬೀಜದ ಮಾತು. ಟಾಟಾ ಕಾಫಿ ಜೊತೆ ಬೀಜ ಕೊಳ್ಳುವ, ಹುರಿಯುವ ಬಗ್ಗೆ ಒಡಂಬಡಿಕೆ ಆಯಿತು. ಒಂದು ವರ್ಷ ಕಳೆದು, 2012ರ ಜನವರಿಯಲ್ಲಿ, ಟಾಟಾ ಗ್ಲೋಬಲ್ ಬೆವರೇಜಸ್ ಜೊತೆ ಅರ್ಧ-ಅರ್ಧ ಪಾಲಿನ ಕಂಪನಿ ಘೋಷಣೆಯಾಯಿತು. ಬೋರ್ಡಿನ ಮೇಲೆ ಸ್ಟಾರ್‌ಬಕ್ಸ್ ಕೆಳಗೆ 'ಎ ಟಾಟಾ ಅಲಯನ್ಸ್' ಅನ್ನುವ ಸಾಲು ಬಂತು. ಈ ಸಾಲು ಸುಮ್ನೆ ಅಲ್ಲ. ನಮ್ಮಲ್ಲಿ ಹೊಸಬ ಮನೆಗೆ ಬಂದರೆ ಮೊದಲು ಕೇಳುವುದು "ಯಾರ ಕಡೆಯವರು?" ಅಂತ ತಾನೆ. ಈ ಹೊಸಬ ಟಾಟಾ ಕಡೆಯವನು ಅಂತ ಬಾಗಿಲಲ್ಲೇ ಬರೆದುಕೊಂಡು ಬಂದ.

ಟಾಟಾ ಕೊಟ್ಟದ್ದು ಬರೀ ಹೆಸರಲ್ಲ. ಬೀಜ ಅವರ ತೋಟದ್ದು. ಹುರಿಯುವ ಘಟಕ ಅವರದ್ದು. ಟೇಬಲ್ ಮೇಲಿನ ಹಿಮಾಲಯನ್ ನೀರಿನ ಬಾಟಲಿ ಅವರದ್ದು. ತಿಂಡಿ ತಯಾರಿಸಿ ಕಳಿಸುತ್ತಿದ್ದದ್ದು ವಿಮಾನಗಳಿಗೆ ಊಟ ಒದಗಿಸುವ ತಾಜ್‌ಸ್ಯಾಟ್ಸ್, ಅದೂ ಟಾಟಾ ಮನೆಯದ್ದೇ. ಹೊರಗಿನ ಕಂಪನಿಗೆ ಇಂಥ ದೇಶದಲ್ಲಿ ಕಾಲೂರುವುದಕ್ಕೆ ಹತ್ತು ವರ್ಷ ಬೇಕಾಗುವ ಸರಬರಾಜಿನ ಸರಪಳಿ ಇಲ್ಲಿ ರೆಡಿಯಾಗಿ ಸಿಕ್ಕಿತು.

ಕುಶಾಲನಗರದಿಂದ ಹೊರಟ ಮೂಟೆ

ಟಾಟಾ ಕಾಫಿಯ ಬೇರು ಕೊಡಗಿನ ಪೊಲ್ಲಿಬೆಟ್ಟದಲ್ಲಿದೆ. ಬ್ರಿಟಿಷರ ಕಾಲದ ತೋಟಗಳು, ನೆರಳಿಗೆ ಸಿಲ್ವರ್ ಓಕ್ ಮತ್ತು ಕಾಡುಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಧ್ಯೆ ಕಾಫಿ. ಅರೇಬಿಕಾ ಜಾತಿಯ ಕಾಫಿಯ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಹಣ್ಣು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಹುದುಗು ಬರಿಸಿ, ತೊಳೆದು, ಕಣದಲ್ಲಿ ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಹಾಗೇ ಒಣಗಿಸಿದರೆ ಚೆರಿ. ತೋಟದವರ ಮಾತಿನಲ್ಲಿ ಎರಡೇ ಲೆಕ್ಕ, 'ಪಾರ್ಚ್‌ಮೆಂಟಾ, ಚೆರಿಯಾ?' ಡಿಸೆಂಬರಿನಲ್ಲಿ ಕೊಡಗಿನ ಯಾವ ಮನೆಗೆ ಹೋದರೂ ಅಂಗಳದ ಕಣದಲ್ಲಿ ಬೀಜ ಹರಡಿರುತ್ತದೆ. ಮೋಡ ಕವಿದರೆ ಸಾಕು, ಊಟ ಬಿಟ್ಟು ಎದ್ದು ಓಡುತ್ತಾರೆ.

ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಹೊರಗಿನಿಂದ ಕಾಫಿ ತರಿಸಿಕೊಂಡರೆ ಆಮದು ಸುಂಕ ಕುತ್ತಿಗೆಗೆ ಬರುತ್ತದೆ. ಹಾಗಾಗಿ ಇಲ್ಲಿನ ಬೀಜ ಬಳಸುವುದು ಸ್ಟಾರ್‌ಬಕ್ಸ್‌ಗೆ ದೇಶಪ್ರೇಮವೂ ಅಲ್ಲ, ಸಂಸ್ಕೃತಿಪ್ರೇಮವೂ ಅಲ್ಲ. ಲೆಕ್ಕ. ಆದರೆ ಕಂಪನಿ ಇಲ್ಲಿಗಾಗಿಯೇ 'ಇಂಡಿಯಾ ಎಸ್‌ಪ್ರೆಸೊ ರೋಸ್ಟ್' ಅಂತ ಬೇರೆ ಹುರಿತ ಸಿದ್ಧಮಾಡಿತು. 2013ರ ಫೆಬ್ರವರಿಯಲ್ಲಿ ಕುಶಾಲನಗರದಲ್ಲಿ ಹುರಿಯುವ, ಪ್ಯಾಕ್ ಮಾಡುವ ಘಟಕ ಶುರುವಾಯಿತು. 2016ರಲ್ಲಿ ಕೊಡಗಿನ ಟಾಟಾ ನಲ್ಲೂರ್ ಎಸ್ಟೇಟ್ ಕಾಫಿಯನ್ನು ಸಿಯಾಟಲ್‌ನ ತನ್ನ ದೊಡ್ಡ ರೋಸ್ಟರಿಯಲ್ಲಿ ಮಾರಾಟಕ್ಕೆ ಇಟ್ಟಿತು. ಒಂದೇ ಮೂಲದ ಭಾರತದ ಕಾಫಿ ಅಮೆರಿಕದ ಸ್ಟಾರ್‌ಬಕ್ಸ್ ಗಿರಾಕಿಗೆ ಸಿಕ್ಕಿದ್ದು ಅದೇ ಮೊದಲು.

ಇಲ್ಲೊಂದು ತಮಾಷೆ ಇದೆ. ಕುಶಾಲನಗರದಿಂದ ಬೆಂಗಳೂರಿಗೆ ಇನ್ನೂರು ಚಿಲ್ಲರೆ ಕಿಲೋಮೀಟರ್. ಆದರೆ ಅಲ್ಲಿ ಹುರಿದ ಬೀಜ ಮೊದಲು ಮುಂಬೈಗೆ, ದೆಹಲಿಗೆ ಹೋಯಿತು. ಬೆಂಗಳೂರಿನ ಮೊದಲ ಅಂಗಡಿ ಕೋರಮಂಗಲದಲ್ಲಿ ತೆರೆದದ್ದು 2013ರ ನವೆಂಬರಿನಲ್ಲಿ, ಮುಂಬೈ ಆಗಿ ಹದಿಮೂರು ತಿಂಗಳ ಮೇಲೆ. ಚೆನ್ನೈಗೆ ಹೋದದ್ದು 2014ರಲ್ಲಿ. ಕಾಫಿ ಕುಡಿಯುವ ಊರುಗಳಿಗೆ ಕೊನೆಯ ಪಂಕ್ತಿ, ಚಹಾ ಕುಡಿಯುವ ಊರುಗಳಿಗೆ ಮೊದಲ ಪಂಕ್ತಿ. ಟಾಟಾ ಕಚೇರಿ ಮುಂಬೈಯಲ್ಲಿದೆ, ಅಲ್ಲಿ ದುಡ್ಡಿದೆ ಅಂತ ಕಾರಣ ಕೊಡಬಹುದು. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕುರ್ಚಿಯ ಬಾಡಿಗೆ

ಮೊದಲ ಅಂಗಡಿ ಮುಂಬೈ ಫೋರ್ಟ್‌ನ ಹಾರ್ನಿಮನ್ ಸರ್ಕಲ್‌ನಲ್ಲಿ, ಎಲ್ಫಿನ್‌ಸ್ಟನ್ ಕಟ್ಟಡದಲ್ಲಿ. ಸುಮಾರು 4,500 ಚದರಡಿ. ಹಳೆಯ ಕಲ್ಲಿನ ಕಮಾನುಗಳು, ಒಳಗೆ ಕೆತ್ತನೆಯ ಮರದ ಪರದೆಗಳು, ತೇಗದ ಮೇಜುಗಳು. ಅಮೆರಿಕದಿಂದ ಎತ್ತಿ ತಂದು ಇಟ್ಟ ಡಬ್ಬಿಯ ಹಾಗೆ ಕಾಣಬಾರದು ಅನ್ನುವುದು ಉದ್ದೇಶ. ಮೊದಲ ದಿನಗಳಲ್ಲಿ ಸಾಲು ರಸ್ತೆಗೆ ಬಂದಿತ್ತು. ಸಣ್ಣ ಕಪ್ ಕ್ಯಾಪುಚಿನೊ ಬೆಲೆ ನೂರರ ಒಳಗೇ ಇಟ್ಟಿದ್ದರು. ತಿಂಡಿ ಕಪಾಟಿನಲ್ಲಿ ಕ್ರೋಸಾಂಟ್ ಜೊತೆಗೆ ತಂದೂರಿ ಪನೀರ್ ರೋಲ್, ಮುರ್ಗ್ ಟಿಕ್ಕಾ ಪನೀನಿ, ಏಲಕ್ಕಿ ಹಾಕಿದ ಕ್ರೋಸಾಂಟ್.

ಪನೀರ್ ವಿಷಯಕ್ಕೆ ಹೆಚ್ಚು ಹೊತ್ತು ಕೊಡುವುದು ಬೇಡ. ಇದು ಭಾರತಕ್ಕೆ ಬಂದ ಪ್ರತಿ ಹೊರಗಿನ ಹೋಟೆಲ್ ಕಂಪನಿ ಮಾಡಿದ್ದೇ. ಗಮನಿಸಬೇಕಾದದ್ದು ಒಂದೇ, ಇಲ್ಲಿ ತಿಂಡಿ ಹೊಟ್ಟೆ ತುಂಬುವಂತಿರಬೇಕಿತ್ತು. ಯಾಕಂದರೆ ಜನ ಬಂದು ಕೂರುತ್ತಾರೆ, ಎದ್ದು ಹೋಗುವುದಿಲ್ಲ.

ಅಮೆರಿಕದಲ್ಲಿ ಸ್ಟಾರ್‌ಬಕ್ಸ್ ವ್ಯಾಪಾರದ ದೊಡ್ಡ ಭಾಗ ಬೆಳಗ್ಗೆ, ಕಪ್ ಹಿಡಿದು ಕಾರು ಹತ್ತಿ ಹೋಗುವವರದು. ನಮ್ಮಲ್ಲಿ ಬೆಳಗಿನ ಕಾಫಿ ಮನೆಯಲ್ಲೇ ಮುಗಿದಿರುತ್ತದೆ. ಮುಖ ತೊಳೆಯುವ ಮುಂಚೆಯೇ ಕುಡಿಯುವವರೂ ಇದ್ದಾರೆ. ಕೆಫೆಗೆ ಹೋಗುವುದು ಮಧ್ಯಾಹ್ನ, ಸಂಜೆ. ಅದೂ ಒಬ್ಬರೇ ಅಲ್ಲ. ಹೋಗುವುದು ಕಾಫಿಗಲ್ಲ, ಜಾಗಕ್ಕೆ.

ಕೋರಮಂಗಲದ ಯಾವ ಕೆಫೆಯಲ್ಲಾದರೂ ವಾರದ ದಿನ ಮಧ್ಯಾಹ್ನ ಮೂರಕ್ಕೆ ಹೋಗಿ ಕೂತು ನೋಡಿ. ಒಂದು ಮೇಜಿನಲ್ಲಿ ಇಬ್ಬರು ಹುಡುಗರು ಲ್ಯಾಪ್‌ಟಾಪ್ ತಿರುಗಿಸಿ ಮೂರನೆಯವನಿಗೆ ಏನೋ ಗ್ರಾಫ್ ತೋರಿಸುತ್ತಿರುತ್ತಾರೆ. ಆ ಮೂರನೆಯವನ ಹತ್ತಿರ ದುಡ್ಡಿದೆ ಅನ್ನುವುದು ಅವನು ಕೂತ ಭಂಗಿಯಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮೂಲೆಯಲ್ಲಿ ಮದುವೆಗೆ ಹುಡುಗಿ ನೋಡುವ ಶಾಸ್ತ್ರ. ಮನೆಯವರು ಬೇರೆ ಮೇಜಿನಲ್ಲಿ, ಹುಡುಗ-ಹುಡುಗಿ ಬೇರೆ ಮೇಜಿನಲ್ಲಿ, ಇಬ್ಬರ ಕಪ್ಪೂ ಆರಿ ತಣ್ಣಗಾಗಿದೆ. ಪ್ಲಗ್ ಪಾಯಿಂಟ್ ಪಕ್ಕದ ಸೀಟಿಗೆ ಮಾತ್ರ ಪೈಪೋಟಿ. ಒಂದು ಕಾಫಿಗೆ ಮೂರು ತಾಸು. ಮನೆ ಚಿಕ್ಕದು, ಪೀಜಿಯಲ್ಲಿ ಅತಿಥಿಗಳಿಗೆ ಪ್ರವೇಶವಿಲ್ಲ, ಪಾರ್ಕಿನಲ್ಲಿ ಗಾರ್ಡ್ ಬಂದು ಎಬ್ಬಿಸುತ್ತಾನೆ. ಎಸಿ, ವೈಫೈ, ಶುಚಿಯಾದ ಟಾಯ್ಲೆಟ್ ಇರುವ ಜಾಗದಲ್ಲಿ ಇಬ್ಬರು ಯಾರ ಕಣ್ಣಿಗೂ ಬೀಳದೆ ಕೂರಬೇಕು ಅಂದರೆ ಬಾಡಿಗೆ ಕೊಡಬೇಕು. ಕಾಫಿ ಅದರ ರಸೀದಿ.

ಈ ಅಭ್ಯಾಸ ಕಲಿಸಿದ್ದು ಸ್ಟಾರ್‌ಬಕ್ಸ್ ಅಲ್ಲ. ಕೆಫೆ ಕಾಫಿ ಡೇ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ, ಇಂಟರ್ನೆಟ್ ಕೆಫೆಯಾಗಿ, ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅದನ್ನು ಶುರುಮಾಡಿದರು. ಬೀಜ ಅವರ ಸ್ವಂತ ತೋಟಗಳದು. ಸ್ಟಾರ್‌ಬಕ್ಸ್ ಬರುವ ಹೊತ್ತಿಗೆ ಕಾಫಿ ಡೇಗೆ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಅಂಗಡಿಗಳಿದ್ದವು. ಕ್ಯಾಪುಚಿನೊ ಅಂದರೆ ಏನು ಅಂತ ಮೈಸೂರು, ಹುಬ್ಬಳ್ಳಿಯ ಕಾಲೇಜು ಹುಡುಗರಿಗೆ ಗೊತ್ತಾಗಿದ್ದೇ ಅಲ್ಲಿ. ಸಿಯಾಟಲ್‌ನವರು ಉತ್ತ ಹೊಲದಲ್ಲಿ ಬಿತ್ತಲು ಬಂದರು. ಅವರು ಮಾಡಿದ ಬದಲಾವಣೆ ಅಂದರೆ ಕುರ್ಚಿಯನ್ನು ಇನ್ನೂ ಮೆತ್ತಗೆ ಮಾಡಿ, ಬಾಡಿಗೆಯನ್ನು ಇನ್ನೂ ಏರಿಸಿದ್ದು.

ಚಿಕೋರಿ ಎಷ್ಟು ಹಾಕ್ಲಿ?

ಈಗ ಆ ಇನ್ನೊಂದು ಕಾರಣಕ್ಕೆ ಬರೋಣ.

ಬಸವನಗುಡಿ, ಮಲ್ಲೇಶ್ವರದ ಕಾಫಿಪುಡಿ ಅಂಗಡಿಗೆ ಹೋದರೆ ಎರಡೇ ಪ್ರಶ್ನೆ ಕೇಳುತ್ತಾರೆ. ಪೀಬರಿಯಾ (ಹಣ್ಣಿಗೊಂದೇ ಇರುವ ದುಂಡು ಬೀಜ), ಪ್ಲಾಂಟೇಶನ್ನಾ (ತೊಳೆದು ಒಣಗಿಸಿದ ಅರೇಬಿಕಾ)? ಚಿಕೋರಿ ಎಷ್ಟು ಹಾಕ್ಲಿ? ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿ. ನಮ್ಮ ಮನೆಯದು 80 ಪಾಲು ಕಾಫಿಗೆ 20 ಪಾಲು ಚಿಕೋರಿ. ಮಾವನ ಮನೆಯದು 70ಕ್ಕೆ 30, ಅದರಲ್ಲಿ ಸ್ವಲ್ಪ ರೊಬಸ್ಟಾ, ಅರೇಬಿಕಾಕ್ಕಿಂತ ಕಹಿಯಾದ ಕಾಫಿ ಜಾತಿ. ಈ ಅಳತೆ ಜಾತಕದ ಹಾಗೆ, ಮನೆಯಿಂದ ಮನೆಗೆ ಬೇರೆ. ಹಿತ್ತಾಳೆ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಕೊಡೆಯಂಥ ತಟ್ಟೆಯಿಂದ ಹಗುರಾಗಿ ಒತ್ತಿ, ಕುದಿವ ನೀರು ಹೊಯ್ದು ಮುಚ್ಚಿದರೆ ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಯುತ್ತದೆ. ಜಾಸ್ತಿ ಒತ್ತಿದರೆ ಇಳಿಯುವುದೇ ಇಲ್ಲ, ಅತ್ತೆ ಬಂದು ಫಿಲ್ಟರಿನ ತಲೆಗೆ ಚಮಚದಲ್ಲಿ ಎರಡು ಕುಟ್ಟುತ್ತಾರೆ. ಮೊದಲ ಡಿಕಾಕ್ಷನ್ ಮನೆಯವರಿಗೆ ಮತ್ತು ಬೇಕಾದವರಿಗೆ. ಎರಡನೆಯದು ಯಾರಿಗೆ ಅಂತ ಬರೆದರೆ ನೆಂಟಸ್ತಿಕೆ ಕೆಡುತ್ತದೆ.

ಈ ಕಾಫಿಯ ಗಟ್ಟಿತನ ಬರುವುದು ಚಿಕೋರಿ ಮತ್ತು ರೊಬಸ್ಟಾದಿಂದ. ಸ್ಟಾರ್‌ಬಕ್ಸ್‌ಗೆ 'ನಾವು ಬಳಸುವುದು ಅರೇಬಿಕಾ ಮಾತ್ರ' ಅನ್ನುವುದೇ ಹಳೆಯ ಹೆಮ್ಮೆ. ರುಚಿಯ ದಾರಿಗಳೇ ಬೇರೆ. ಆದರೆ ಅಷ್ಟೇ ಆಗಿದ್ದರೆ ಹತ್ತು ವರ್ಷ ಬೇಕಿರಲಿಲ್ಲ. ಅಷ್ಟು ದೊಡ್ಡ ಕಂಪನಿಗೆ ಡಿಕಾಕ್ಷನ್ ಇಳಿಸುವುದು ಬ್ರಹ್ಮವಿದ್ಯೆಯೇನಲ್ಲ.

ಅಡ್ಡ ಬಂದದ್ದು ಬೆಲೆ ಅಂತ ನನ್ನ ಅನಿಸಿಕೆ. ಬೆಲೆ ಅನ್ನುವುದಕ್ಕಿಂತ ಹೋಲಿಕೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಒಂದು ಹೋಟೆಲ್ ಬಂತು. ಕುರ್ಚಿ ಇಲ್ಲ, ಸರ್ವರ್ ಇಲ್ಲ. ಟೋಕನ್ ತಗೊಂಡು, ಕೌಂಟರಿನಲ್ಲಿ ಕೊಟ್ಟು, ನಿಂತು ತಿಂದು, ನಿಂತು ಕುಡಿದು ಹೋಗುವುದು. ಆಮೇಲೆ ಬೆಂಗಳೂರಿನ ತುಂಬ ದರ್ಶಿನಿಗಳಾದವು. ದರ್ಶಿನಿಯ ಕಾಫಿ ಅಗ್ಗ ಯಾಕೆ ಅಂದರೆ ಅಲ್ಲಿ ಕುರ್ಚಿಯೇ ಇಲ್ಲ. ಹತ್ತು ನಿಮಿಷಕ್ಕೆ ಒಂದು ಮೇಜಿನ ಸುತ್ತ ನಾಲ್ಕು ಜನ ಬದಲಾಗುತ್ತಾರೆ. ಅದರ ಮೇಲೆ ಬೈ-ಟು. ಒಂದು ಕಾಫಿ, ಎರಡು ಲೋಟ. ಬಿಲ್ ಒಬ್ಬನದು, ಮಾತು ಇಬ್ಬರದು.

ಅಂದರೆ ದರ್ಶಿನಿ ಮಾರುವುದು ಬರೀ ಕಾಫಿ, ಜಾಗವಿಲ್ಲ. ಸ್ಟಾರ್‌ಬಕ್ಸ್ ಮಾರುವುದು ಜಾಗ, ಕಾಫಿ ಅದರ ನೆಪ. ಇವೆರಡೂ ಒಂದೇ ವ್ಯಾಪಾರ ಅಲ್ಲವೇ ಅಲ್ಲ. ಆದರೆ ಗಿರಾಕಿಯ ತಲೆಯಲ್ಲಿ ಹೋಲಿಕೆ ಹುಟ್ಟುವುದು ಹೆಸರಿನಿಂದ. ಕ್ಯಾಪುಚಿನೊ ಎಂದರೆ ಅಮ್ಮನ ಅಡುಗೆಮನೆಯಲ್ಲಿ ಅದಕ್ಕೆ ಬೆಲೆಯಿಲ್ಲ, ಎಷ್ಟು ಹೇಳಿದರೂ ನಡೆಯುತ್ತದೆ. 'ಫಿಲ್ಟರ್ ಕಾಫಿ' ಎಂದು ಬರೆದ ಕೂಡಲೇ ಓದುವವನ ಮನಸ್ಸಿನಲ್ಲಿ ಒಂದು ಬೆಲೆ, ಒಂದು ರುಚಿ, ಒಂದು ಲೋಟ ಎದ್ದು ಬರುತ್ತದೆ. ಅದರ ಮುಂದೆ ನಿಲ್ಲಬೇಕು. 2012ರಲ್ಲಿ ಹೊಸದಾಗಿ ಬಂದವರಿಗೆ ಆ ಹೋಲಿಕೆ ಬೇಡವಾಗಿತ್ತು. ಬೆಂಗಳೂರು, ಚೆನ್ನೈಗಿಂತ ಮೊದಲು ಮುಂಬೈ, ದೆಹಲಿ ಆದದ್ದರಲ್ಲಿ ಇದರ ಪಾಲೂ ಇದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಕಂಪನಿ ಹೀಗೆ ಎಲ್ಲೂ ಹೇಳಿಲ್ಲ. ಇದು ನನ್ನ ಲೆಕ್ಕ.

ಆಸ್ಟ್ರೇಲಿಯಾದಲ್ಲಿ ಆದ ಪಾಠ

ಕಾಫಿ ಗೊತ್ತಿರುವ ಊರಿಗೆ ಹೋದರೆ ಏನಾಗುತ್ತದೆ ಅನ್ನುವುದು ಸ್ಟಾರ್‌ಬಕ್ಸ್‌ಗೆ ಆಗಲೇ ಗೊತ್ತಿತ್ತು. 2000ದ ಜುಲೈನಲ್ಲಿ ಅದು ಆಸ್ಟ್ರೇಲಿಯಾಕ್ಕೆ ಹೋಯಿತು. ಎರಡನೇ ಮಹಾಯುದ್ಧದ ನಂತರ ಅಲ್ಲಿಗೆ ವಲಸೆ ಬಂದ ಇಟಲಿ, ಗ್ರೀಸ್ ಜನರು ಎಸ್‌ಪ್ರೆಸೊ ಯಂತ್ರ ಜೊತೆಗೇ ತಂದಿದ್ದರು. ಐವತ್ತು ವರ್ಷದಲ್ಲಿ ಬೀದಿಗೊಂದು ಕೆಫೆ, ಮನೆಮಾತಾದ ಫ್ಲಾಟ್ ವೈಟ್, ಗಿರಾಕಿಯ ಹೆಸರು ಬಾಯಿಪಾಠ ಇರುವ ಬರಿಸ್ತಾ, ಅಂದರೆ ಕಾಫಿ ಮಾಡಿಕೊಡುವವನು. ಅಂಥಲ್ಲಿ ಸ್ಟಾರ್‌ಬಕ್ಸ್ ಸಿಹಿ ಸಿರಪ್ಪಿನ ದೊಡ್ಡ ಕಪ್ ಹಿಡಿದು, ಹೆಚ್ಚಿನ ಬೆಲೆಗೆ, ಬೇಗ ಬೇಗ ಅಂಗಡಿ ತೆರೆಯುತ್ತಾ ಹೋಯಿತು. ಬದಲಾದದ್ದು ಏನೂ ಇಲ್ಲ. 2008ರಲ್ಲಿ ಇದ್ದ 84 ಅಂಗಡಿಗಳಲ್ಲಿ 61ನ್ನು ಮುಚ್ಚಬೇಕಾಯಿತು. ಉಳಿದವು 2014ರಲ್ಲಿ ಅಲ್ಲಿನದೇ ಒಂದು ಕಂಪನಿಯ ಕೈಗೆ ಹೋದವು.

ಭಾರತದಲ್ಲಿ ಮೊದಲು ಪಾಲುದಾರನನ್ನು ಹುಡುಕಿದ್ದು, ವರ್ಷಕ್ಕೆ ಇಷ್ಟೇ ಅಂಗಡಿ ಅಂತ ನಿಧಾನಕ್ಕೆ ಹೋದದ್ದು, ಕಾಫಿ ಊರುಗಳಿಗೆ ಹುಷಾರಾಗಿ ಕಾಲಿಟ್ಟದ್ದು ಇವೆಲ್ಲದರಲ್ಲೂ ಆ ಪೆಟ್ಟಿನ ನೆನಪು ನನಗೆ ಕಾಣುತ್ತದೆ. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದುತ್ತದೆ.

177 ಮಿಲಿಲೀಟರ್

ಹತ್ತು ವರ್ಷದಲ್ಲಿ ಸುತ್ತಲೂ ಬದಲಾಯಿತು. ಬೆಂಗಳೂರಿನ ಥರ್ಡ್ ವೇವ್, ದೆಹಲಿಯ ಬ್ಲೂ ಟೊಕಾಯ್ ಥರದ ಹೊಸ ಕಾಫಿ ಕಂಪನಿಯವರು ಬಂದರು. ಇವರು ಚೀಲದ ಮೇಲೆ ಚಿಕ್ಕಮಗಳೂರಿನ ತೋಟದ ಹೆಸರು, ಎತ್ತರ, ಸಂಸ್ಕರಿಸಿದ ವಿಧಾನ ಎಲ್ಲ ಅಚ್ಚು ಹಾಕಿ ಮಾರುತ್ತಾರೆ. ಬೀಜ ಭಾರತದ್ದು ಅನ್ನುವ ಮಾತು ಸ್ಟಾರ್‌ಬಕ್ಸ್‌ನ ಸ್ವಂತ ಆಸ್ತಿಯಾಗಿ ಉಳಿಯಲಿಲ್ಲ. 2022ರಲ್ಲಿ ಕೆನಡಾದ ಟಿಮ್ ಹಾರ್ಟನ್ಸ್ ಬಂತು, ಮರುವರ್ಷ ಬ್ರಿಟನ್ನಿನ ಪ್ರೆಟ್. ಇನ್ನೊಂದು ಕಡೆ ದರ್ಶಿನಿಗಳ ಹೊಸ ತಲೆಮಾರು. ರಾಮೇಶ್ವರಂ ಕೆಫೆ ಮುಂದೆ ನಿಂತು ದೋಸೆ ತಿಂದು ನಿಂತೇ ಫಿಲ್ಟರ್ ಕಾಫಿ ಕುಡಿಯಲು ಸಾಫ್ಟ್‌ವೇರ್ ಹುಡುಗರೂ ಸಾಲು ನಿಲ್ಲತೊಡಗಿದರು. ಮೊದಲು ನಾಚಿಕೆಯ ವಿಷಯವಾಗಿದ್ದ ಸ್ಟೀಲ್ ಲೋಟ ಈಗ ಫೋಟೊಗೆ ಬರುತ್ತದೆ.

ಸ್ಟಾರ್‌ಬಕ್ಸ್‌ನವರ ಕಣ್ಣು ಆಗಲೇ ಸಣ್ಣ ಊರುಗಳ ಮೇಲಿತ್ತು. 2022ರಲ್ಲಿ ಬೆಂಗಳೂರು, ಗುರುಗ್ರಾಮ, ಭೋಪಾಲ್, ಇಂದೋರ್ ಈ ನಾಲ್ಕು ಕಡೆ ಹೊಸ ಮೆನು ಪ್ರಯೋಗಕ್ಕೆ ಇಟ್ಟರು. ಫಿಲ್ಟರ್ ಕಾಫಿ, ಮಸಾಲಾ ಚಾಯ್, ಮಿಲ್ಕ್‌ಶೇಕ್, ಅಲ್ಲೇ ಮಾಡಿಕೊಡುವ ಸ್ಯಾಂಡ್‌ವಿಚ್, ಒಂದೇ ತುತ್ತಿನ ಸಣ್ಣ ತಿಂಡಿಗಳು. ಚಹಾ ವಿಷಯದಲ್ಲಿ ಇದು ಎರಡನೇ ಸುತ್ತು. 2017ರಲ್ಲೇ ಟೀವಾನಾ ಹೆಸರಿನಲ್ಲಿ 18 ಬಗೆಯ ಚಹಾ ಇಟ್ಟಿದ್ದರು. ಅಮೆರಿಕದ ಅಂಗಡಿಗಳಲ್ಲಿ 'ಚಾಯ್ ಟೀ ಲಾಟೆ' ಅಂತ ಮಾರುತ್ತಿದ್ದ ಕಂಪನಿ ಇದು. ನಮ್ಮ ಭಾಷೆಯಲ್ಲಿ ಓದಿದರೆ 'ಚಹಾ ಚಹಾ ಹಾಲು' ಅಂತಾಗುತ್ತದೆ. ಅಲ್ಲಿಂದ ಮಸಾಲಾ ಚಾಯ್ ಅನ್ನುವ ಸರಳ ಎರಡು ಪದಕ್ಕೆ ಬರಲು ಅವರಿಗೆ ಎಷ್ಟು ಸುತ್ತು ಬೇಕಾಯಿತೋ!

ಇದೇ ಹೊತ್ತಿಗೆ ಬಂದ 'ಪಿಕೊ' ಅನ್ನುವ ಕಪ್ ನನ್ನ ಮಟ್ಟಿಗೆ ಈ ಪ್ರಕರಣದ ಅತಿ ಮುಖ್ಯ ವಸ್ತು. ಸ್ಟಾರ್‌ಬಕ್ಸ್ ಅಳತೆಗಳ ಹೆಸರೇ ವಿಚಿತ್ರ. ಅಮೆರಿಕದ ಬೋರ್ಡಿನಲ್ಲಿ 'ಟಾಲ್' ಅಂದರೆ ಚಿಕ್ಕದು. ಆ ಉದ್ದನೆಯ ಕಪ್ಪಿನಲ್ಲಿ 12 ಔನ್ಸ್, ಹತ್ತಿರ ಹತ್ತಿರ 355 ಮಿಲಿಲೀಟರ್ ಹಿಡಿಯುತ್ತದೆ. ಅದಕ್ಕಿಂತ ಸಣ್ಣ 'ಶಾರ್ಟ್' 8 ಔನ್ಸ್. ಪಿಕೊ 6 ಔನ್ಸ್, ಅಂದರೆ 177 ಮಿಲಿಲೀಟರ್. ಆಗ ಬೆಲೆ 185 ರೂಪಾಯಿಯಿಂದ ಶುರು.

ಕುತೂಹಲಕ್ಕೆ ಮನೆಯ ಸ್ಟೀಲ್ ಲೋಟಕ್ಕೆ ನೀರು ತುಂಬಿ, ಮಗುವಿಗೆ ಔಷಧಿ ಅಳೆಯುವ ಮುಚ್ಚಳದಿಂದ ಅಳೆದೆ. ಕಂಠದವರೆಗೆ ತುಂಬಿದರೆ 130. ನೊರೆಗೆ ಜಾಗ ಬಿಟ್ಟು, ಕಾಫಿ ಎಷ್ಟು ಹಾಕುತ್ತೇವೋ ಅಷ್ಟಕ್ಕೆ ನಿಲ್ಲಿಸಿದರೆ 110. ಅಂದರೆ ಜಗತ್ತಿನಾದ್ಯಂತ ದೊಡ್ಡ ಕಪ್ ಮಾರಿದ ಕಂಪನಿ ಇಲ್ಲಿಗೆ ಬಂದು, ತನ್ನ ಕಪ್ಪನ್ನು ಕುಗ್ಗಿಸುತ್ತಾ ಕುಗ್ಗಿಸುತ್ತಾ ನಮ್ಮ ಲೋಟದ ಒಂದೂವರೆಪಟ್ಟಿಗೆ ತಂದು ನಿಲ್ಲಿಸಿತು. ಪನೀರ್ ಸೇರಿಸುವುದಕ್ಕಿಂತ ಇದು ಕಷ್ಟದ ಕೆಲಸ. ಗಟ್ಟಿ ಕಾಫಿಯನ್ನು ಸ್ವಲ್ಪವೇ, ಬಿಸಿಬಿಸಿಯಾಗಿ, ದಿನಕ್ಕೆ ಮೂರು ನಾಲ್ಕು ಸಲ ಕುಡಿಯುವ ಜನ ನಾವು. ಅರ್ಧ ಲೀಟರ್ ಕಾಫಿಯನ್ನು ಅರ್ಧ ದಿನ ಹಿಡಿದುಕೊಂಡು ಓಡಾಡುವ ಅಭ್ಯಾಸ ನಮಗಿಲ್ಲ. ಕಪ್ಪು ಚಿಕ್ಕದಾದಾಗ ಕಂಪನಿ ಮೊದಲ ಸಲ ಕಾಫಿಯನ್ನು ಮುಟ್ಟಿತು ಅಂತ ನನಗನ್ನಿಸಿತು. ಅಲ್ಲಿತನಕ ಮುಟ್ಟಿದ್ದೆಲ್ಲ ಕಾಫಿಯ ಸುತ್ತಮುತ್ತಲಿನದು.

ಕಪ್ಪಿನ ಮೇಲಿನ ಹೆಸರು

2023ರ ಮೇ ತಿಂಗಳಿನಲ್ಲಿ ಇನ್ನೊಂದು ಪ್ರಸಂಗ. ಗಿರಾಕಿಯ ಹೆಸರನ್ನು ಕಪ್ಪಿನ ಮೇಲೆ ಬರೆಯುವುದು ಸ್ಟಾರ್‌ಬಕ್ಸ್ ಪದ್ಧತಿ. ಅದನ್ನೇ ಇಟ್ಟುಕೊಂಡು ಭಾರತಕ್ಕಾಗಿ ಒಂದು ಜಾಹೀರಾತು ಮಾಡಿದರು. ವಯಸ್ಸಾದ ತಂದೆ-ತಾಯಿ ಕೆಫೆಯಲ್ಲಿ ಮಗುವಿಗಾಗಿ ಕಾಯುತ್ತಿದ್ದಾರೆ. ಅಪ್ಪನ ಮುಖ ಬಿಗಿದಿದೆ. ಮಗನಾಗಿದ್ದ ಅರ್ಪಿತ್ ಈಗ ಮಗಳಾಗಿ ಬರುತ್ತಾಳೆ. ಅಪ್ಪ ಎದ್ದು ಹೋಗಿ ಕಾಫಿ ಹೇಳುತ್ತಾರೆ. ಕೌಂಟರಿನಿಂದ ಕೂಗುವ ಹೆಸರು 'ಅರ್ಪಿತಾ'.

ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಬಹಿಷ್ಕಾರಕ್ಕೆ ಕರೆ ಕೊಟ್ಟರು. ನಮಗೆ ಹೊರಗಿನವರು ಸಂಸ್ಕೃತಿ ಹೇಳಿಕೊಡುವುದು ಬೇಡ ಅನ್ನುವುದು ಅವರ ವಾದ. ನನ್ನ ಗಮನ ಹೋದದ್ದು ಬೇರೆ ಕಡೆ. ಈ ಕತೆ ಮನೆಯಲ್ಲಿ ನಡೆಯುವುದಿಲ್ಲ, ದರ್ಶಿನಿಯಲ್ಲೂ ನಡೆಯುವುದಿಲ್ಲ. ಮನೆಯಲ್ಲಿ ಆಡಲಾಗದ ಮಾತನ್ನು ಆಡಲು ಮೂವರು ಕೆಫೆಗೆ ಬಂದಿದ್ದಾರೆ. ಇಷ್ಟು ವರ್ಷ ತಾನು ಮಾರಿದ ಕುರ್ಚಿ ಯಾವುದಕ್ಕೆ ಬಳಕೆಯಾಗುತ್ತಿದೆ ಅಂತ ಕಂಪನಿಗೆ ಸರಿಯಾಗೇ ಗೊತ್ತಿತ್ತು.

ಲೆಕ್ಕದ ಪುಸ್ತಕ

ಹೊಂದಾಣಿಕೆ ಕೆಲಸ ಮಾಡಿತಾ? ಮಾರಾಟ ನೋಡಿದರೆ ಹೌದು. 2022-23ರಲ್ಲಿ ಟಾಟಾ ಸ್ಟಾರ್‌ಬಕ್ಸ್ ವ್ಯಾಪಾರ ಮೊದಲ ಸಲ ಸಾವಿರ ಕೋಟಿ ದಾಟಿತು. ಆಗ 333 ಅಂಗಡಿಗಳಿದ್ದವು. 2023-24ರಲ್ಲಿ ವ್ಯಾಪಾರ 1,218 ಕೋಟಿ, ಅಂಗಡಿ 421. 2028ರ ಹೊತ್ತಿಗೆ ಸಾವಿರ ಅಂಗಡಿ ಮಾಡುತ್ತೇವೆ, ಮೂರು ದಿನಕ್ಕೊಂದು ತೆರೆಯುತ್ತೇವೆ ಅಂತ 2024ರ ಜನವರಿಯಲ್ಲಿ ಹೇಳಿದರು.

ಲಾಭ ನೋಡಿದರೆ 2023-24ರಲ್ಲೂ ಇರಲಿಲ್ಲ. 2022-23ರಲ್ಲಿ ಸುಮಾರು 25 ಕೋಟಿ ಇದ್ದ ನಷ್ಟ ಮರುವರ್ಷ 80 ಕೋಟಿಯ ಹತ್ತಿರ ಹೋಯಿತು. ಹೊಸ ಅಂಗಡಿ ತೆರೆದಷ್ಟೂ ಖರ್ಚು ಮೊದಲು ಬರುತ್ತದೆ, ಗಿರಾಕಿ ಆಮೇಲೆ ಬರುತ್ತಾನೆ ಅನ್ನುವುದು ನಿಜ. ಆದರೆ ಇನ್ನೊಂದು ಇಕ್ಕಟ್ಟೂ ಇದೆ. ಒಳ್ಳೆಯ ಜಾಗದಲ್ಲಿ ದೊಡ್ಡ ಅಂಗಡಿ ಬೇಕು, ಯಾಕಂದರೆ ಇಲ್ಲಿ ಮಾರುವುದೇ ಕುರ್ಚಿ. ಆ ಕುರ್ಚಿಯಲ್ಲಿ ಕೂತವನು ಬೇಗ ಏಳುವುದಿಲ್ಲ. ಈಗ ಅವನಿಗೆ ಸಣ್ಣ ಕಪ್ಪು, ಕಡಿಮೆ ಬಿಲ್ಲು. ಊರಿಗೆ ಹೊಂದಿಕೊಂಡಷ್ಟೂ ಪ್ರತಿ ಕುರ್ಚಿಯಿಂದ ಬರುವ ಕಾಸು ಕಡಿಮೆ. ದರ್ಶಿನಿಯವನು ಈ ಸಮಸ್ಯೆಯನ್ನು 1983ರಲ್ಲೇ ಕುರ್ಚಿ ತೆಗೆದು ಬಗೆಹರಿಸಿದ್ದ. ಸ್ಟಾರ್‌ಬಕ್ಸ್‌ಗೆ ಆ ದಾರಿ ಇಲ್ಲ. ಕುರ್ಚಿ ತೆಗೆದರೆ ಅದು ದುಬಾರಿ ದರ್ಶಿನಿ ಅಷ್ಟೆ.

ಈ ಲೆಕ್ಕವನ್ನೆಲ್ಲ ಮಾವನಿಗೆ ವಿವರಿಸಿದೆ. ಪಿಕೊ ಕಪ್ಪಿನ ಅಳತೆ ಹೇಳಿದಾಗ ಮಾತ್ರ ಅವರ ಕಿವಿ ನೆಟ್ಟಗಾಯಿತು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂತವರು, ಪೆನ್ನು ಬೇಕಾಗಲಿಲ್ಲ.

"ನೂರ ಎಪ್ಪತ್ತೇಳು ಅಂದ್ಯಾ? ಹಾಗಾದ್ರೆ ಎರಡು ಲೋಟಕ್ಕೆ ಎಂಬತ್ತೆಂಟೂವರೆ. ದರ್ಶಿನಿ ಬೈ-ಟುಗಿಂತ ಧಾರಾಳ ಕಣೋ. ತಲೆಗೆ ತೊಂಬತ್ತೆರಡೂವರೆ ರೂಪಾಯಿ." ಒಂದು ಕ್ಷಣ ಸುಮ್ಮನಿದ್ದು ಕೇಳಿದರು, "ಎಷ್ಟು ಹೊತ್ತು ಕೂರಬಹುದು ಅಂದೆ?"

"ಎಷ್ಟು ಹೊತ್ತಾದ್ರೂ ಮಾವ. ಯಾರೂ ಎಬ್ಬಿಸಲ್ಲ."

"ಎಸಿ ಇರುತ್ತಾ?"

ಅತ್ತೆ ಒಳಗಿನಿಂದ ಎರಡನೇ ಸುತ್ತಿನ ಕಾಫಿ ತಂದಿಟ್ಟರು. ಲೋಟ ಎತ್ತಿಕೊಂಡ ಮಾವ, ಭಾನುವಾರ ಫ್ರೀ ಇದ್ದೀಯಾ ಅಂತ ಕೇಳಿದರು.